ಉರಿಯೂತ: ಹೊತ್ತಿಸುವವರೂ ನಂದಿಸುವವರೂ

2020ರಲ್ಲಿ ವಾಶಿಯ ಸಿಡ್ಕೊ ಪ್ರದರ್ಶನ ಕೇಂದ್ರವು ಕೋವಿಡ್ ಆರೈಕೆಯ ತಾಣವಾದುದನ್ನು ಬೇಲಾಪುರದ ನಿವಾಸಿಗಳು ಮರೆತಿರಲಾರರು. ಆ ದಿನಗಳಲ್ಲಿ ‘ಐಎಲ್-6 ಎಷ್ಟಿದೆ?’, ‘ಸಿಆರ್‌ಪಿ ಇಳಿಯಿತೇ?’ ಎಂದು ಊರಿನ ಬಂಧುಗಳೂ ದೂರವಾಣಿಯಲ್ಲಿ ವಿಚಾರಿಸುತ್ತಿದ್ದರು. ಈ ಅಕ್ಷರಗಳ ಅರ್ಥವನ್ನು ತಿಳಿದರೆ, ಜ್ವರ ಬಂದೊಡನೆ ಸ್ವಂತ ಬುದ್ಧಿಯಿಂದ ಸ್ಟೀರಾಯ್ಡ್ ಗುಳಿಗೆ ನುಂಗುವುದು ಏಕೆ ಅಪಾಯಕರವೆಂಬುದೂ ಮನದಟ್ಟಾಗುತ್ತದೆ.

ಕಾಲಿಗೆ ಮುಳ್ಳು ಚುಚ್ಚಿದರೆ ಆ ಭಾಗವು ಕೆಂಪಾಗಿ, ಬಿಸಿಯಾಗಿ, ಬಾತುಕೊಂಡು ನೋಯುತ್ತದೆ. ಇದೇ ಉರಿಯೂತ. ಮೂಲತಃ ಇದು ರೋಗವಲ್ಲ, ರಕ್ಷಣೆ. ಅಂಗಾಂಶಗಳಲ್ಲಿ ಕಾವಲಿರುವ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕಣಗಳು ರೋಗಾಣುವಿನ ಸುಳಿವು ಸಿಕ್ಕೊಡನೆ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಮೊದಲಾದ ಸಂದೇಶವಾಹಕ ಪ್ರೋಟೀನುಗಳನ್ನು ಸ್ರವಿಸುತ್ತವೆ. ಇವೇ ಸೈಟೊಕೈನುಗಳು. ಇವುಗಳ ಕರೆಗೆ ಓಗೊಟ್ಟು ರಕ್ತನಾಳಗಳು ಹಿಗ್ಗಿ ಬಿಳಿಯ ರಕ್ತಕಣಗಳಿಗೆ ದಾರಿ ಬಿಡುತ್ತವೆ. ಮೆದುಳು ಮೈಯ ಕಾವನ್ನು ಏರಿಸುತ್ತದೆ. ಯಕೃತ್ತು ಸಿಆರ್‌ಪಿಯನ್ನು ತಯಾರಿಸುತ್ತದೆ.

ಹೊತ್ತಿಸಿದ ಬೆಂಕಿ ಮನೆಯನ್ನೇ ಸುಡಬಾರದಷ್ಟೆ. ಕಣದೊಳಗೆ ಎನ್‌ಎಫ್ ಕಪ್ಪಾ-ಬಿ ಎಂಬ ಪ್ರೋಟೀನು ಮತ್ತೊಂದು ಪ್ರೋಟೀನಿನ ಹಿಡಿತದಲ್ಲಿ ಸುಮ್ಮನಿರುತ್ತದೆ. ಅಪಾಯದ ಸೂಚನೆ ಬಂದಾಗ ಆ ಹಿಡಿತ ಕಳಚಿ, ಅದು ಕಣಕೇಂದ್ರವನ್ನು ಹೊಕ್ಕು ಸೈಟೊಕೈನುಗಳ ತಯಾರಿಕೆಗೆ ಅಪ್ಪಣೆ ಕೊಡುತ್ತದೆ. ಸ್ವಾರಸ್ಯವೆಂದರೆ, ತನ್ನನ್ನು ಮರಳಿ ಕಟ್ಟಿಹಾಕುವ ಪ್ರೋಟೀನಿನ ತಯಾರಿಕೆಗೂ ಅದೇ ಅಪ್ಪಣೆ ಕೊಡುತ್ತದೆ! ಮುಂದೆ ಅದೇ ಭಕ್ಷಕ ಕಣಗಳು ಇಂಟರ್‌ಲ್ಯೂಕಿನ್-10 ಅನ್ನು ಸ್ರವಿಸಿ ಉರಿಯನ್ನು ತಣಿಸುತ್ತವೆ. ನಿಯಂತ್ರಕ ಟಿ-ಕಣಗಳೂ ಇದಕ್ಕೆ ನೆರವಾಗುತ್ತವೆ. ಇವುಗಳನ್ನು 1995ರಲ್ಲಿ ಗುರುತಿಸಿದ ಜಪಾನಿನ ಶಿಮೊನ್ ಸಕಾಗುಚಿಯವರು 2025ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಇವೆಲ್ಲದರ ಮೇಲೆ, ಮೂತ್ರಪಿಂಡಗಳ ತಲೆಯ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಶಾಮಕ ರಸವನ್ನು ಒದಗಿಸುತ್ತವೆ.

ಸ್ಟೀರಾಯ್ಡ್ ಗುಳಿಗೆಯು ಈ ಕಾರ್ಟಿಸಾಲಿನ ಅನುಕರಣೆ. ಬ್ರಿಟನ್ನಿನ ‘ರಿಕವರಿ’ ಅಧ್ಯಯನವು 2020ರ ಜೂನ್‌ನಲ್ಲಿ ಕೋವಿಡ್ ರೋಗಿಗಳ ಬಗ್ಗೆ ಪ್ರಕಟಿಸಿದ ಫಲಿತಾಂಶವು ಬೋಧಪ್ರದವಾಗಿದೆ. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಕೊಟ್ಟಾಗ ವೆಂಟಿಲೇಟರಿನ ಆಸರೆಯಲ್ಲಿದ್ದವರ ಮರಣಪ್ರಮಾಣವು ಸುಮಾರು ಮೂರರಲ್ಲೊಂದು ಪಾಲು ತಗ್ಗಿತು. ಆಮ್ಲಜನಕವೇ ಬೇಕಿಲ್ಲದಿದ್ದವರಿಗೆ ಪ್ರಯೋಜನವೇನೂ ಕಾಣಲಿಲ್ಲ. ಮೊದಲ ದಿನಗಳಲ್ಲಿ ವೈರಾಣುವಿನೊಡನೆ ಹೋರಾಡಲು ಆ ಉರಿ ಬೇಕೇ ಬೇಕು. ಅದನ್ನು ಅಕಾಲದಲ್ಲಿ ನಂದಿಸಿದರೆ ಲಾಭ ರೋಗಾಣುವಿಗೆ. 2021ರಲ್ಲಿ ಮಹಾರಾಷ್ಟ್ರವನ್ನು ಕಾಡಿದ ಕಪ್ಪು ಶಿಲೀಂಧ್ರ ರೋಗಕ್ಕೆ ಅನಿಯಂತ್ರಿತ ಮಧುಮೇಹದೊಡನೆ ಸ್ಟೀರಾಯ್ಡಿನ ಮಿತಿಮೀರಿದ ಬಳಕೆಯೂ ಕಾರಣವಾಗಿತ್ತು.

ಆದರೆ ವೈದ್ಯರ ಸಲಹೆಯಂತೆ ಬಹುಕಾಲದಿಂದ ಸ್ಟೀರಾಯ್ಡ್ ಸೇವಿಸುತ್ತಿರುವವರು, ಇದನ್ನೋದಿ ಹೆದರಿ ಅದನ್ನು ಥಟ್ಟನೆ ಬಿಡಕೂಡದು. ಹೊರಗಿನ ಪೂರೈಕೆಗೆ ಒಗ್ಗಿದ ಅಡ್ರಿನಲ್ ಗ್ರಂಥಿಗಳು ಸ್ವಂತ ದುಡಿಮೆಯನ್ನು ಮರೆತಿರುತ್ತವೆ. ಮತ್ತೆ ಕಲಿಯಲು ಅವಕ್ಕೆ ವಾರಗಳೋ ತಿಂಗಳುಗಳೋ ಬೇಕಾಗುತ್ತವೆ.