ಹನಿ ನೀರಾವರಿಯಲ್ಲಿ ಜೀವಾಮೃತದ ಬಳಕೆ

ಜೀವಾಮೃತವನ್ನು ಹನಿ ಕೊಳವೆಗಳಲ್ಲಿ ಹರಿಸಿದ ತೋಟಗಳಲ್ಲಿ ರಂಧ್ರಗಳು ಕಟ್ಟಿ, ಸಾಲಿನ ಕೊನೆಯ ಗಿಡಗಳು ನೀರಿಲ್ಲದೆ ಬಾಡುವುದುಂಟು. ಸಗಣಿಯ ನಾರೂ ಹಿಟ್ಟಿನ ಕಣಗಳೂ ಇದಕ್ಕೆ ಕಾರಣವೆಂಬುದು ನಿಜವೇ. ಆದರೆ 200 ಲೀಟರಿಗೆ ಹಾಕುವ 2 ಕಿಲೋ ಬೆಲ್ಲದಿಂದ ಪುಷ್ಟಿಗೊಂಡ ಸೂಕ್ಷ್ಮಜೀವಿಗಳು ಕೊಳವೆಯೊಳಗೆ ಲೋಳೆಗಟ್ಟುವುದನ್ನು ಯಾವ ಬಟ್ಟೆಯೂ ತಡೆಯಲಾರದು.

ಆದಕಾರಣ ದ್ರಾವಣದ ತಿಳಿಯನ್ನು ಮಾತ್ರ ತೆಗೆದು, ಒತ್ತು ನೆಯ್ಗೆಯ ಬಟ್ಟೆಯಲ್ಲಿ ಎರಡಾವರ್ತಿ ಸೋಸತಕ್ಕದ್ದು. ಗಸಿಯನ್ನು ಗಿಡಗಳ ಬುಡಕ್ಕೆ ಹಾಕಬಹುದು. ಸೋಸಿದುದನ್ನು 120 ಮೆಷ್ ಫಿಲ್ಟರಿಗೆ ಮುಂಚೆಯೇ ಕೊಳವೆಗೆ ಸೇರಿಸತಕ್ಕದ್ದು, ನಂತರವಲ್ಲ. ಹರಿಸಿಯಾದ ಕೂಡಲೆ ಕೊನೆಯ ಮುಚ್ಚಳಗಳನ್ನು ಬಿಚ್ಚಿ, ಶುದ್ಧ ನೀರು ಹೊರಬರುವವರೆಗೂ ತೊಳೆಯತಕ್ಕದ್ದು. ಆಳುಗಳು ಅಲಕ್ಷಿಸುವುದು ಈ ಕೆಲಸವನ್ನೇ. ಜಮೀನುದಾರರು ತಾವೇ ನಿಂತು ಮಾಡಿಸುವುದು ಮೇಲು. ಲೋಳೆ ಕಳೆಯಲು ಕ್ಲೋರಿನ್ ಬಳಸುವವರು ಅದನ್ನು ಜೀವಾಮೃತದೊಡನೆ ಬೆರೆಸಬಾರದು. ಬೆರೆಸಿದರೆ ಉಪಕಾರಿ ಜೀವಾಣುಗಳೂ ಸಾಯುವುವು.