ಜೆಸಿಬಿ ಕರೆಸುವ ಮುನ್ನ

ಊರ ಕಡೆ ಹೊಸದಾಗಿ ಜಮೀನು ಕೊಂಡಿದ್ದೀರಾ? ಪಾಳುಬಿದ್ದ ನೆಲದ ತುಂಬ ಲಂಟಾನ ಆಳೆತ್ತರ ಬೆಳೆದಿದ್ದರೆ ಯಾರಿಗಾದರೂ ಮೊದಲು ಹೊಳೆಯುವುದು ಜೆಸಿಬಿ. ದಯವಿಟ್ಟು ಸ್ವಲ್ಪ ತಡೆಯಿರಿ. ಯಂತ್ರ ಪೊದೆಯ ಜೊತೆಗೆ ಮೇಲ್ಮಣ್ಣನ್ನೂ ಕೆರೆದು ಹಾಕುತ್ತದೆ. ಆ ಮಣ್ಣು ಮತ್ತೆ ಕೂಡಲು ತಲೆಮಾರುಗಳೇ ಬೇಕು.

ಮೊದಲು ಹದ್ದುಬಸ್ತು ಮಾಡಿಸಿ. ಆಮೇಲೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ನೆಲವನ್ನೆಲ್ಲ ಸುತ್ತಿ. ಪೊದೆಯೊಳಗೆ ಹೊಂಗೆ, ಬೇವು, ಹೊನ್ನೆಯ ಎಳೆ ಸಸಿಗಳು ಸಿಕ್ಕರೆ ಬಟ್ಟೆಚೂರು ಕಟ್ಟಿ ಗುರುತಿಡಿ. ತಾನಾಗಿ ಹುಟ್ಟಿದ ಸಸಿಯ ಗಟ್ಟಿತನ ನರ್ಸರಿಯಿಂದ ತಂದದ್ದಕ್ಕೆ ಬರುವುದು ಕಷ್ಟ. ದೊಡ್ಡ ಮರಗಳ ತಂಟೆಗೆ ಹೋಗುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 1976ರ ಮರಗಳ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿಗೂ ಅನ್ವಯಿಸುತ್ತದೆ.

ಲಂಟಾನವನ್ನು ಮೇಲಷ್ಟೇ ಸವರಿದರೆ ಬುಡದಿಂದ ಇನ್ನಷ್ಟು ದಟ್ಟವಾಗಿ ಚಿಗುರುತ್ತದೆ. ಬೆಂಕಿ ಹಾಕಿದರೂ ಅಷ್ಟೇ, ಒಳ್ಳೆಯ ಸಸಿಗಳು ಸಾಯುತ್ತವೆ, ಅದು ಮತ್ತೆ ಏಳುತ್ತದೆ. ಮಳೆಗೆ ಮಣ್ಣು ಸಡಿಲವಾದಾಗ, ಕಾಯಿ ಹಣ್ಣಾಗುವ ಮೊದಲು, ತಾಯಿಬೇರನ್ನು ನೆಲದಿಂದ ಎರಡು ಮೂರು ಬೆರಳು ಕೆಳಗೆ ಕತ್ತರಿಸಿ, ಬುಡ ಮೇಲಾಗಿ ಮಗುಚಿ ಒಣಗಲು ಬಿಡಿ. ಕೆಲಸದವರಿಗೆ ಗಂಬೂಟು, ಕೈಗವಸು ಕೊಡದೆ ಪೊದೆಗೆ ಇಳಿಸಲೇಬೇಡಿ. ಅಲ್ಲಿ ಕೊಳಕುಮಂಡಲ ಇರಬಹುದು. ಕಾಂಗ್ರೆಸ್ ಗಿಡವನ್ನೂ ಹೂ ಬಿಡುವ ಮೊದಲೇ ಕಿತ್ತುಬಿಡಿ.

ತೆರವಾದ ನೆಲವನ್ನು ಬರಿದು ಬಿಡದೆ ಕೂಡಲೇ ಹುರುಳಿಯೋ ಅಲಸಂದೆಯೋ ಚೆಲ್ಲಿ. ಹಕ್ಕಿಗಳು ಲಂಟಾನದ ಬೀಜ ತರುತ್ತಲೇ ಇರುತ್ತವೆ. ಅದಕ್ಕೇ ಮುಂದಿನ ಕೆಲವು ಮಳೆಗಾಲ ಮರಗಳ ಕೆಳಗೆ ತಪ್ಪದೆ ನೋಡಿ. ಮೊಳಕೆ ಗೇಣುದ್ದ ಇದ್ದಾಗ ಕೈಯಲ್ಲೇ ಕಿತ್ತು ಬರುತ್ತದೆ.