ಕೈಯಲ್ಲಿ ಒಯ್ಯುವ ವಿದ್ಯುತ್ ಪೆಟ್ಟಿಗೆ: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಚೆನ್ನೈ ನಗರದಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೆ ಡಿಸೆಂಬರ್ ತಿಂಗಳೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2015ರ ಮಹಾಪೂರ, 2016ರ ವರ್ದಾ ಚಂಡಮಾರುತ, 2023ರ ಮಿಚಾಂಗ್ ಚಂಡಮಾರುತ, ಮೂರೂ ಆ ತಿಂಗಳಿನಲ್ಲಿಯೇ ಕಾಡಿದವು. ಮೂರರಲ್ಲಿಯೂ ಹಲವು ಬಡಾವಣೆಗಳು ದಿನಗಟ್ಟಲೆ ಕತ್ತಲೆಯಲ್ಲಿದ್ದವು. ನೆಲದ ಮೇಲೆ ಇಟ್ಟ ಇನ್ವರ್ಟರಿಗೆ ನೀರು ನುಗ್ಗಿದರೆ ಅದೂ ಕೆಟ್ಟಿತು. ಎತ್ತಿಕೊಂಡು ಮಹಡಿಗೆ ಹೋಗೋಣವೆಂದರೆ ಅದರ ಬ್ಯಾಟರಿ ಒಬ್ಬರಿಂದ ಏಳುವಂಥದಲ್ಲ. ಹೀಗಿರುವುದರಿಂದ, ಅಂಗಡಿಯವರು ‘ಪೋರ್ಟಬಲ್ ಪವರ್ ಸ್ಟೇಷನ್’ ಎಂದು ಕರೆಯುವ, ಹಿಡಿಕೆಯುಳ್ಳ ಪೆಟ್ಟಿಗೆಯ ವಿಷಯವಾಗಿ ವಾಚನಾಲಯಕ್ಕೆ ಬರುವವರು ಆಗಾಗ ವಿಚಾರಿಸುತ್ತಿದ್ದಾರೆ. ಅಂಥವರಿಗಾಗಿ ಈ ಪಾಠ.

ಈ ಪೆಟ್ಟಿಗೆಯೊಳಗೆ ಇರುವುದು ಲಿಥಿಯಂ ಬ್ಯಾಟರಿ ಮತ್ತು ಒಂದು ಚಿಕ್ಕ ಇನ್ವರ್ಟರ್. ಅದರ ಮೇಲೆ ಬರೆದ ಅಂಕಿಗಳಲ್ಲಿ ಎರಡನ್ನು ಬೇರೆ ಬೇರೆಯಾಗಿ ತಿಳಿಯಬೇಕು. ವಾಟ್ ಎಂಬುದು ಒಂದು ಗಳಿಗೆಯಲ್ಲಿ ಅದು ಎಷ್ಟು ಭಾರ ಹೊರಬಲ್ಲದೆಂಬುದು. ವಾಟ್-ಅವರ್ ಎಂಬುದು ಅದರಲ್ಲಿ ಒಟ್ಟು ಎಷ್ಟು ಶಕ್ತಿ ತುಂಬಿದೆಯೆಂಬುದು. ಒಂದು ನಲ್ಲಿಯ ಅಗಲ, ಇನ್ನೊಂದು ಹಂಡೆಯ ನೀರು. ನಲ್ಲಿ ಅಗಲವಾಗಿದ್ದ ಮಾತ್ರಕ್ಕೆ ಹಂಡೆ ದೊಡ್ಡದಾಗದಷ್ಟೆ. ಕರೆಂಟಿನ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಎಂದರೆ 1000 ವಾಟ್-ಅವರ್. ಸಾವಿರಾರು ರೂಪಾಯಿ ಕೊಟ್ಟು ಮನೆಗೆ ತರುವ 500 ವಾಟ್-ಅವರ್ ಪೆಟ್ಟಿಗೆಯಲ್ಲಿ ಅಡಗಿರುವುದು ಅರ್ಧ ಯೂನಿಟ್ಟು ಮಾತ್ರ! ಅದರಲ್ಲಿಯೂ ಒಂದು ಪಾಲು ಒಳಗಿನ ಇನ್ವರ್ಟರಿನಲ್ಲಿ ಬಿಸಿಯಾಗಿ ಕಳೆದುಹೋಗುವುದರಿಂದ, ನೂರಕ್ಕೆ 85ರಷ್ಟು ಕೈಗೆ ಸಿಕ್ಕುವುದೆಂದು ಲೆಕ್ಕ ಹಿಡಿಯುವುದು ಕ್ಷೇಮ.

ಕೆಲವು ಮಾರಾಟಗಾರರು ವಾಟ್-ಅವರ್ ಹೇಳದೆ, 1,50,000 ಮಿಲಿಆಂಪಿಯರ್-ಅವರ್ ಎಂದು ದೊಡ್ಡ ಅಂಕಿಯನ್ನು ಬರೆದಿರುತ್ತಾರೆ. ಇದು ಸಾಮಾನ್ಯವಾಗಿ ಒಂದು ಕೋಶದ ವೋಲ್ಟೇಜಿನ ಮೇಲೆ ಹಾಕಿದ ಲೆಕ್ಕ. ಸಾವಿರದಿಂದ ಭಾಗಿಸಿ, 3.7ರಿಂದ ಗುಣಿಸಿದರೆ 555 ವಾಟ್-ಅವರ್ ಆಗುತ್ತದೆ. ಕೋಶ ಲಿಥಿಯಂ ಐರನ್ ಫಾಸ್ಫೇಟ್ ಆದರೆ 3.2ರಿಂದ ಗುಣಿಸಬೇಕು, ಆಗ 480. ಲಕ್ಷದ ಅಂಕಿ ಕಂಡು ಮರುಳಾಗಕೂಡದು.

ಈಗ ಮನೆಯ ಲೆಕ್ಕಕ್ಕೆ ಬರೋಣ. ಒಂದು ರಾತ್ರಿಗೆ 9 ವಾಟಿನ ಎರಡು ಎಲ್‌ಇಡಿ ದೀಪ 5 ಗಂಟೆ ಉರಿದರೆ 90. 10 ವಾಟಿನ ವೈಫೈ ಪೆಟ್ಟಿಗೆ 10 ಗಂಟೆಗೆ 100. ಎರಡು ಮೊಬೈಲುಗಳಿಗೆ ಸುಮಾರು 40. 75 ವಾಟಿನ ಹಳೆಯ ಮಾದರಿಯ ಫ್ಯಾನು 8 ಗಂಟೆಗೆ 600. ಒಟ್ಟು 830, ನಷ್ಟವನ್ನು ಸೇರಿಸಿದರೆ ಸಾವಿರದ ಸಮೀಪದ ಪೆಟ್ಟಿಗೆ ಬೇಕು. ಅದೇ ಫ್ಯಾನನ್ನು 30 ವಾಟಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಾಯಿಸಿದರೆ 600 ಇದ್ದದ್ದು 240 ಆಗಿ, ಒಟ್ಟು 470ಕ್ಕೆ ಇಳಿಯುತ್ತದೆ. 600ರ ಪೆಟ್ಟಿಗೆ ಧಾರಾಳವಾಗಿ ಸಾಕು. ದೊಡ್ಡ ಪೆಟ್ಟಿಗೆಗೆ ಕೊಡುವ ಹೆಚ್ಚಿನ ಹಣದಲ್ಲಿ ಮೊದಲು ಫ್ಯಾನು ಕೊಳ್ಳಿರೆಂಬುದು ನಮ್ಮ ಸಲಹೆ. ಅದು ಕರೆಂಟು ಇದ್ದ ದಿನಗಳಲ್ಲಿಯೂ ಬಿಲ್ಲು ಇಳಿಸುತ್ತದೆ.

ಮನೆಯಲ್ಲಿ ಉಸಿರಾಟದ ತೊಂದರೆಯುಳ್ಳವರು ಇದ್ದರೆ ಈ ಲೆಕ್ಕ ಬರಿಯ ಅನುಕೂಲದ ಮಾತಲ್ಲ. ನೆಬ್ಯುಲೈಸರ್ ಯಂತ್ರ ನೂರರಿಂದ ನೂರೈವತ್ತು ವಾಟ್ ಎಳೆದರೂ ಓಡುವುದು ಹತ್ತು ನಿಮಿಷ. ಒಂದು ಸಲಕ್ಕೆ 25 ವಾಟ್-ಅವರ್ ಸಾಕು. ಚಿಕ್ಕ ಪೆಟ್ಟಿಗೆಯೂ ಇದನ್ನು ದಿನಕ್ಕೆ ನಾಲ್ಕು ಸಲ ನಡೆಸುತ್ತದೆ. ಆದರೆ ನಿಮಿಷಕ್ಕೆ 5 ಲೀಟರ್ ಕೊಡುವ ಆಮ್ಲಜನಕದ ಕಾನ್ಸಂಟ್ರೇಟರ್ ಸುಮಾರು 350 ವಾಟ್ ಎಳೆಯುತ್ತದೆ, ಬಿಡುವಿಲ್ಲದೆ ಎಳೆಯುತ್ತದೆ. 1000 ವಾಟ್-ಅವರ್ ಪೆಟ್ಟಿಗೆಯಲ್ಲಿ ಅದು ಎರಡೂವರೆ ಗಂಟೆಯನ್ನೂ ಮುಟ್ಟದು. ರಾತ್ರಿ ಹತ್ತಕ್ಕೆ ಕರೆಂಟು ಹೋದರೆ ಹನ್ನೆರಡೂವರೆಗೆ ಯಂತ್ರ ನಿಲ್ಲುತ್ತದೆ. ಅಂಥ ಮನೆಯವರು ಪೆಟ್ಟಿಗೆಯೊಂದನ್ನೇ ನಂಬಿ ಕೂಡಬಾರದು. ವೈದ್ಯರನ್ನು ಕೇಳಿ ಆಮ್ಲಜನಕದ ಸಿಲಿಂಡರನ್ನು ಮನೆಯಲ್ಲಿ ಇಟ್ಟಿರಬೇಕು. ಪೆಟ್ಟಿಗೆಯು ಸಿಲಿಂಡರ್ ಜೋಡಿಸುವವರೆಗೆ, ಇಲ್ಲವೇ ಗಾಡಿ ಬರುವವರೆಗೆ ಕಾಲ ಕೊಡುತ್ತದೆ, ಅಷ್ಟೆ. ಇಂಥ ಯಂತ್ರಗಳಿಗೂ ಮೋಟಾರುಗಳಿಗೂ ‘ಪ್ಯೂರ್ ಸೈನ್ ವೇವ್’ ಎಂದು ಸ್ಪಷ್ಟವಾಗಿ ಬರೆದಿರುವ ಪೆಟ್ಟಿಗೆಯೇ ಆಗಬೇಕು.

ಫ್ರಿಜ್ಜಿನ ಮೋಟಾರು ಹೊರಡುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಎಳೆಯುತ್ತದೆ. ಪೆಟ್ಟಿಗೆಯ ‘ಸರ್ಜ್’ ಅಂಕಿಯನ್ನು ನೋಡದೆ ಕೊಂಡರೆ ಫ್ರಿಜ್ಜು ಶುರುವಾಗುವುದೇ ಇಲ್ಲ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲು, ಇಂಡಕ್ಷನ್ ಒಲೆ ಇವುಗಳ ಆಸೆಯನ್ನು ಬಿಡುವುದೇ ಲೇಸು. ಕಾಫಿಗೆ ಗ್ಯಾಸಿನ ಒಲೆ ಇದ್ದೇ ಇದೆ.

ಕೋಶಗಳಲ್ಲಿ ಎರಡು ಜಾತಿ. ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಹಗುರ, ಆದರೆ ಐನೂರರಿಂದ ಸಾವಿರ ಸಲ ತುಂಬಿ ಬರಿದುಮಾಡುವಷ್ಟರಲ್ಲಿ ಶಕ್ತಿ ಕುಂದುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ತುಸು ತೂಕ; ಬಾಳಿಕೆ ಎರಡು-ಮೂರು ಸಾವಿರ ಸಲ; ಬಿಸಿಯನ್ನೂ ಹೆಚ್ಚು ತಾಳುತ್ತದೆ. ನಮ್ಮ ಕಡೆಯ ಸೆಕೆಗೆ ಇದೇ ತಕ್ಕದ್ದು. ಈ ವಸ್ತುವನ್ನು ಕುರಿತ ಹೆಸರಾಂತ ಪ್ರಬಂಧ 1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಹೊರಬಂದಿತು. ಬರೆದವರು ಪಾಢಿ, ನಂಜುಂಡಸ್ವಾಮಿ ಮತ್ತು ಗುಡಿನಫ್. ಎರಡನೆಯ ಹೆಸರನ್ನು ಓದಿದಾಗ ಕನ್ನಡಿಗರ ಕಿವಿ ನಿಮಿರಿದರೆ ತಪ್ಪೇನೂ ಇಲ್ಲ. ಗುಡಿನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಸಾಧನೆಗಾಗಿ 2019ರಲ್ಲಿ ಮತ್ತಿಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಿತು.

ಸೌರ ಫಲಕದಿಂದ ತುಂಬಿಸುವ ಯೋಚನೆಯಿದ್ದವರು ಪೆಟ್ಟಿಗೆ ತಾಳುವ ಅತ್ಯಧಿಕ ವೋಲ್ಟೇಜನ್ನು ನೋಡಬೇಕು. ಫಲಕದ ‘ಓಪನ್ ಸರ್ಕಿಟ್’ ವೋಲ್ಟೇಜು ಅದನ್ನು ಮೀರಿದರೆ ಪೆಟ್ಟಿಗೆ ಸುಟ್ಟೀತು. 100 ವಾಟಿನ ಫಲಕ ಒಳ್ಳೆಯ ಬಿಸಿಲಿನಲ್ಲಿಯೂ ಎಪ್ಪತ್ತರಷ್ಟು ಕೊಟ್ಟರೆ ಹೆಚ್ಚು. ಊರಿನ ತೋಟದ ಮನೆಗೆ ಇದು ಒದಗೀತು, ಚಂಡಮಾರುತದ ಮೋಡದ ಕೆಳಗೆ ಅಲ್ಲ.

ಸ್ವಂತ ಮನೆಯುಳ್ಳವರಿಗೆ, ನೀರು ನುಗ್ಗದ ಮಹಡಿಯಲ್ಲಿ ಇರುವವರಿಗೆ, ಹಳೆಯ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರೇ ಅಗ್ಗವೆಂದು ಹೇಳದಿದ್ದರೆ ತಪ್ಪಾಗುತ್ತದೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1800 ವಾಟ್-ಅವರ್ ಇದೆ. ಅರ್ಧವನ್ನೇ ಬಳಸಿದರೂ 900 ಆಯಿತು. ಗೋಡೆಗೆ ಮೊಳೆ ಹೊಡೆಯಲು ಬಿಡದ ಮಾಲೀಕರ ಮನೆಯಲ್ಲಿ ಬಾಡಿಗೆಗಿರುವವರಿಗೂ, ನೀರು ಬಂದಾಗ ಮೇಲಕ್ಕೆ ಓಡಬೇಕಾದವರಿಗೂ ಕೈಪೆಟ್ಟಿಗೆ ಒಳ್ಳೆಯದು. ಅದರ ಕರೆಂಟನ್ನು ಎರಡೂ ತುದಿಯಲ್ಲಿ ಪಿನ್ನಿರುವ ತಂತಿಯಿಂದ ಗೋಡೆಯ ಸಾಕೆಟ್ಟಿಗೆ ಕೊಟ್ಟು ಮನೆಯನ್ನೆಲ್ಲ ಬೆಳಗಿಸುವ ಸಾಹಸ ಮಾತ್ರ ಕೂಡದು. ಬೀದಿಯ ಕಂಬವನ್ನು ಹತ್ತಿರುವ ಕೆಲಸಗಾರನ ಪ್ರಾಣಕ್ಕೆ ಅದು ಅಪಾಯ.

ಊರಿಗೆ ವಿಮಾನದಲ್ಲಿ ಒಯ್ಯುವ ಆಲೋಚನೆ ಬೇಡ. 160 ವಾಟ್-ಅವರ್ ಮೀರಿದ ಬ್ಯಾಟರಿಯನ್ನು ಪ್ರಯಾಣಿಕರು ಕೊಂಡೊಯ್ಯುವಂತಿಲ್ಲ. ಬಳಸದೆ ಇಡುವಾಗ ಅರ್ಧಕ್ಕಿಂತ ತುಸು ಹೆಚ್ಚು ತುಂಬಿಸಿ, ಮೂರು ತಿಂಗಳಿಗೊಮ್ಮೆ ನೋಡಿ, ಅಕ್ಟೋಬರಿನಲ್ಲಿ ಪೂರ್ತಿ ತುಂಬಿಸಬೇಕು. ಕೊಂಡ ವಾರದಲ್ಲಿಯೇ, ಹಿಂತಿರುಗಿಸುವ ಗಡುವು ಮುಗಿಯುವ ಮುನ್ನ, ಒಂದು ಭಾನುವಾರ ಸಂಜೆ ಮೆಯ್ನ್ ಸ್ವಿಚ್ಚನ್ನು ಆರಿಸಿ, ದೀಪ ಫ್ಯಾನುಗಳನ್ನು ಪೆಟ್ಟಿಗೆಗೆ ಹಾಕಿ, ಎಷ್ಟು ಹೊತ್ತು ನಡೆಯಿತೆಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿರಿ.